ಲಿನಕ್ಸ್ ಕಂಪ್ಯೂಟರಿನಲ್ಲಿ ತಾಳಮದ್ದಳೆಯ ಸಿಡಿ ಬರೆಯುವ ಬಗೆ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ. ನನ್ನ ಯಜಮಾನರು ಮುಂಬಯಿಯ ತಾಳಮದ್ದಳೆ ಕೂಟಗಳಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಭಾಗವತರು ಹಾಡುವ ಪದ್ಯಗಳಿಗೆ ಬಹಳ ವರ್ಷ ಅರ್ಥ ಹೇಳಿದವರು. ಅವರ ಧ್ವನಿಯಿರುವ 22 ಕ್ಯಾಸೆಟ್‌ಗಳನ್ನು ಒಂದು ಅಂಗಡಿಯಲ್ಲಿ ಎಂಪಿ3 ಮಾಡಿಸಿದ್ದೇನೆ. 14 ಕ್ಯಾಸೆಟ್ 60 ನಿಮಿಷದವು, 8 ಕ್ಯಾಸೆಟ್ 90 ನಿಮಿಷದವು. ವರ್ಷದ ಪುಣ್ಯತಿಥಿಗೆ ಬರುವ ಹನ್ನೆರಡು ಮಂದಿ ಹಿರಿಯ ಕಲಾವಿದರಿಗೆ ಇವುಗಳ ಸಿಡಿ ಕೊಡುವ ಆಸೆ. ಅವರಲ್ಲಿ ಹೆಚ್ಚಿನವರಿಗೆ ಮೊಬೈಲಿನಲ್ಲಿ ಕೇಳಿ ರೂಢಿಯಿಲ್ಲ. ಮಗ ಪರದೇಶಕ್ಕೆ ಹೋಗುವ ಮುನ್ನ ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿ ಹೋಗಿದ್ದಾನೆ. ಖಾಲಿ ಸಿಡಿ ಹಾಕಿದರೆ ಏನೂ ಕಾಣುವುದಿಲ್ಲ, ಮೆನುವಿನಲ್ಲಿ ಬರೆಯುವ ತಂತ್ರಾಂಶವೂ ಇಲ್ಲ. ಪಕ್ಕದ ಮನೆಯ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಿಡಿ ಬರೆದುಕೊಟ್ಟ. ಅದು ಕಂಪ್ಯೂಟರಿನಲ್ಲಿ ಹಾಡುತ್ತದೆ, ನಮ್ಮ ಹಳೆಯ ಪ್ಲೇಯರಿನಲ್ಲಿ ಹಾಡುವುದಿಲ್ಲ. ಯಾವ ತಂತ್ರಾಂಶ ಹಾಕಲಿ, ಹೇಗೆ ಹೊಂದಿಸಲಿ? ಮದುವೆಯ ವಿಡಿಯೊವನ್ನೂ ಡಿವಿಡಿ ಮಾಡಬಹುದೇ?

ಉತ್ತರ: ಅಕ್ಕನವರೇ, ತಂತ್ರಾಂಶದ ಹೆಸರು ಹೇಳುವ ಮೊದಲು ಆ ಹುಡುಗ ಬರೆದ ಸಿಡಿ ಏಕೆ ಹಾಡಲಿಲ್ಲ ಎಂಬುದನ್ನು ಹೇಳುತ್ತೇನೆ. ಅದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಅವನು ಮಾಡಿದ್ದು ಡೇಟಾ ಸಿಡಿ. ಪೆನ್‌ಡ್ರೈವಿಗೆ ಹಾಕುವಂತೆ ಎಂಪಿ3 ಫೈಲುಗಳನ್ನು ಇದ್ದ ಹಾಗೆಯೇ ಸಿಡಿಗೆ ಹಾಕಿಕೊಟ್ಟಿದ್ದಾನೆ. ನಿಮ್ಮ ಹಳೆಯ ಪ್ಲೇಯರಿಗೆ ಫೈಲು, ಫೋಲ್ಡರು ಎಂಬುದೇ ತಿಳಿಯದು. 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಗೊತ್ತುಮಾಡಿದ ಆಡಿಯೊ ಸಿಡಿಯ ಕ್ರಮವೊಂದೇ ಅದಕ್ಕೆ ಗೊತ್ತು: ಸೆಕೆಂಡಿಗೆ 44,100 ಧ್ವನಿ ಮಾದರಿ, ಪ್ರತಿ ಮಾದರಿಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಧಾರೆ, ಒಂದು ಸಿಡಿಯಲ್ಲಿ ಹೆಚ್ಚೆಂದರೆ 99 ಟ್ರ್ಯಾಕ್. ಎಂಪಿ3ಯನ್ನು ಬಿಚ್ಚಿ ಈ ಕ್ರಮಕ್ಕೆ ತಂದು ಬರೆದರೆ ಮಾತ್ರ ಅದು ಹಾಡುತ್ತದೆ. ಹೀಗೆ ಬಿಚ್ಚಿದ ಮೇಲೆ ಫೈಲಿನ ಗಾತ್ರಕ್ಕೆ ಬೆಲೆಯಿಲ್ಲ, ಲೆಕ್ಕವೆಲ್ಲ ನಿಮಿಷಗಳದ್ದು. 700 ಎಂಬಿ ಎಂದು ಬರೆದಿರುವ ಸಿಡಿಯಲ್ಲಿ ಹಿಡಿಯುವುದು 80 ನಿಮಿಷ. ನಿಮ್ಮ ಎಂಪಿ3 ಎಷ್ಟೇ ಚಿಕ್ಕದಿದ್ದರೂ ಅದಕ್ಕಿಂತ ಹೆಚ್ಚು ಹಿಡಿಯದು.

ಈಗ ನಿಮ್ಮ ಲೆಕ್ಕ ನೋಡೋಣ. 60 ನಿಮಿಷದ ಒಂದು ಕ್ಯಾಸೆಟ್‌ಗೆ ಒಂದು ಸಿಡಿ ಸಾಕು. 90 ನಿಮಿಷದ್ದಕ್ಕೆ ಎರಡು ಬೇಕು. ಎಲ್ಲ ಸೇರಿ 30 ಸಿಡಿ. ಹನ್ನೆರಡು ಮಂದಿಗೆ 360. ಒಂದು ಸಿಡಿ ಬರೆಯಲು ಏಳು ನಿಮಿಷ ಎಂದು ಹಿಡಿದರೂ 42 ಗಂಟೆ ಕಂಪ್ಯೂಟರಿನ ಮುಂದೆ ಕೂರಬೇಕು. ದಯವಿಟ್ಟು ಅದಕ್ಕೆ ಇಳಿಯಬೇಡಿ. ಯಜಮಾನರ ಅರ್ಥಗಾರಿಕೆ ಕಳೆಕಟ್ಟಿದ ಎರಡು ಮೂರು ಪ್ರಸಂಗಗಳನ್ನು ನೀವೇ ಕೇಳಿ ಆರಿಸಿ, ಅವನ್ನು ಮಾತ್ರ ಆಡಿಯೊ ಸಿಡಿ ಮಾಡಿ. ಉಳಿದದ್ದೆಲ್ಲ ಎಂಪಿ3 ರೂಪದಲ್ಲೇ ಡೇಟಾ ಡಿಸ್ಕಿನಲ್ಲಿ ಹೋಗಲಿ. ನಿಮ್ಮಲ್ಲಿರುವುದು ಒಟ್ಟು 26 ಗಂಟೆಯ ಧ್ವನಿ. ಅಂಗಡಿಯವರು 128 ಕಿಲೊಬಿಟ್‌ನಲ್ಲಿ ಎಂಪಿ3 ಮಾಡಿದ್ದರೆ ಅದೆಲ್ಲ ಸುಮಾರು ಒಂದೂವರೆ ಜಿಬಿ. ಮೂರು ಸಿಡಿಗಳಲ್ಲಿ ಅಥವಾ ಒಂದೇ ಡಿವಿಡಿಯಲ್ಲಿ ಸಲೀಸಾಗಿ ಕೂರುತ್ತದೆ. ಮುಂಭಾಗದಲ್ಲಿ ಎಂಪಿ3 ಎಂಬ ಗುರುತು ಇರುವ ಪ್ಲೇಯರ್ ಉಳ್ಳವರು ಅದನ್ನು ಹಾಕಿ ಕೇಳಬಹುದು; ಡಿವಿಡಿ ಮಾಡಿದರೆ ಮಾತ್ರ ಡಿವಿಡಿ ಪ್ಲೇಯರೇ ಬೇಕು. ಹಾಗಾಗಿ ಯಾರ ಮನೆಯಲ್ಲಿ ಯಾವ ಪ್ಲೇಯರ್ ಇದೆ ಎಂದು ಫೋನ್ ಮಾಡಿ ವಿಚಾರಿಸುವುದು ನಿಮ್ಮ ಮೊದಲ ಕೆಲಸ.

ಖಾಲಿ ಸಿಡಿ ಹಾಕಿದಾಗ ಏನೂ ಕಾಣದಿರುವುದು ದೋಷವಲ್ಲ. ಅದರಲ್ಲಿ ತೆರೆದು ತೋರಿಸುವಂಥದ್ದು ಇನ್ನೂ ಏನೂ ಇಲ್ಲ. ಆದರೆ ಡ್ರೈವಿನ ಮುಖವನ್ನೊಮ್ಮೆ ಸರಿಯಾಗಿ ನೋಡಿ. ಬರಿಯ ಡಿವಿಡಿ-ರಾಮ್ ಎಂದಿದ್ದರೆ ಅದು ಓದಬಲ್ಲದು, ಬರೆಯಲಾರದು. ಆರ್‌ಡಬ್ಲ್ಯೂ ಎಂಬ ಅಕ್ಷರಗಳಿರಬೇಕು. ಹಿಂದೆ ಅಂಗಡಿಗಳಲ್ಲಿ ಬಿಡಿಭಾಗ ಸೇರಿಸಿ ಕೊಡುತ್ತಿದ್ದ ಕಂಪ್ಯೂಟರುಗಳಲ್ಲಿ ಕಾಂಬೊ ಡ್ರೈವ್ ಎಂಬುದೊಂದು ಇರುತ್ತಿತ್ತು. ಅದು ಸಿಡಿ ಬರೆಯುತ್ತದೆ, ಡಿವಿಡಿಯನ್ನು ಓದುತ್ತದಷ್ಟೆ. ನಿಮ್ಮ ಡ್ರೈವ್ ಹೀಗೆ ಸಾಲದೆ ಬಂದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಯುಎಸ್‌ಬಿ ಡಿವಿಡಿ ರೈಟರ್ ಕೇಳಿ. ಖಾಲಿ ಸಿಡಿಗಳನ್ನೂ ಅಲ್ಲಿಯೇ ಕೊಳ್ಳಬಹುದು. ಕವರಿಲ್ಲದೆ ಬಿಡಿಯಾಗಿ ಎಣಿಸಿ ಕೊಡುವ, ಹೆಸರಿಲ್ಲದ ಸಿಡಿಗಳನ್ನು ಮಾತ್ರ ತೆಗೆದುಕೊಳ್ಳಬೇಡಿ.

ಇನ್ನು ತಂತ್ರಾಂಶ. ನಿಮಗೆ ನಾನು ಹೇಳುವುದು ಕೆ3ಬಿ. ಕೆಡಿಇ ಎಂಬ ಲಿನಕ್ಸ್ ಬಳಗದ್ದು, 1998ರಲ್ಲಿ ಆರಂಭವಾದದ್ದು, ಇಂದಿಗೂ ಜೀವಂತವಾಗಿರುವುದು. ‘ಕೆಡಿಇ, ಬರ್ನ್, ಬೇಬಿ, ಬರ್ನ್’ ಎಂಬುದರಲ್ಲಿ ಬಿ ಅಕ್ಷರದಿಂದ ಶುರುವಾಗುವ ಪದಗಳು ಮೂರು ಇರುವುದರಿಂದ ಆ ಹೆಸರು. ನಿಮ್ಮ ಮಿಂಟ್‌ನ ಮುಖಪರದೆ ಬೇರೆ ಬಳಗದ್ದಾದರೂ ಚಿಂತೆಯಿಲ್ಲ, ಕೆ3ಬಿ ಬೇಡುವ ಒಂದಿಷ್ಟು ಪೂರಕ ಫೈಲುಗಳು ತಾವಾಗಿಯೇ ಜೊತೆಗೆ ಬರುತ್ತವೆ. ಮೆನುವಿನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹುಡುಕುವ ಜಾಗದಲ್ಲಿ ಕೆ, ಮೂರು, ಬಿ ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ (k3b). ಅದೇ ಹೆಸರು ಎರಡು ಬಗೆಯಲ್ಲಿ ಸಿಗಬಹುದು: ಸಿಸ್ಟಮ್ ಪ್ಯಾಕೇಜ್ ಒಂದು, ಫ್ಲಾಟ್‌ಪ್ಯಾಕ್ ಇನ್ನೊಂದು. ಸಿಸ್ಟಮ್ ಪ್ಯಾಕೇಜನ್ನೇ ಆರಿಸಿ. ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ಉಳಿದ ವ್ಯವಸ್ಥೆಯಿಂದ ಬೇಲಿ ಹಾಕಿಕೊಂಡು ನಡೆಯುತ್ತವೆ. ಡ್ರೈವನ್ನು ನೇರವಾಗಿ ಮುಟ್ಟಬೇಕಾದ ಇಂಥ ಕೆಲಸಕ್ಕೆ ಆ ಬೇಲಿಯೇ ಅಡ್ಡಿಯಾಗಬಹುದು. ಹಾಗೆಯೇ ಕೆ3ಬಿಯ ಎಕ್ಸ್‌ಟ್ರಾಕೋಡೆಕ್ಸ್ ಎಂಬ ಪೂರಕ ಪ್ಯಾಕೇಜನ್ನೂ ಹುಡುಕಿ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಎಂಪಿ3 ಫೈಲನ್ನು ಎಳೆದು ಬಿಟ್ಟಾಗ ‘ಈ ಬಗೆಯ ಫೈಲು ತಿಳಿಯದು’ ಎಂಬ ಅರ್ಥದ ಸೂಚನೆ ಬಂದು ಕೆಲಸ ಅಲ್ಲಿಗೇ ನಿಲ್ಲಬಹುದು.

ಪರದೆಯ ಮೇಲೆ ಕಾಣುವ ಕೆ3ಬಿ ತಾನೇ ಸಿಡಿ ಬರೆಯುವುದಿಲ್ಲ ಎಂಬುದನ್ನು ನೆನಪಿಡಿ. ಕೂಟದಲ್ಲಿ ಭಾಗವತರು ಪ್ರಸಂಗವನ್ನು ನಡೆಸುವಂತೆ ಅದು ಕೆಲಸವನ್ನು ನಡೆಸುತ್ತದೆ. ಚೆಂಡೆ, ಮದ್ದಳೆ ಬೇರೆಯವರ ಕೈಯಲ್ಲಿರುತ್ತವೆ. ಸಿಡಿಗೆ ಸಿಡಿರೆಕಾರ್ಡ್ ಅಥವಾ ವೋಡಿಮ್, ಡಿವಿಡಿಗೆ ಗ್ರೋಐಸೋಎಫ್‌ಎಸ್, ಹೀಗೆ ಒಂದೊಂದಕ್ಕೆ ಒಂದೊಂದು ಚಿಕ್ಕ ತಂತ್ರಾಂಶ ಹಿಂದೆ ಕುಳಿತಿರುತ್ತದೆ. ವೋಡಿಮ್ ಎಂಬುದು ಹುಟ್ಟಿದ್ದೇ ಒಂದು ಜಗಳದಿಂದ. ಯೋರ್ಗ್ ಷಿಲ್ಲಿಂಗ್ ಎಂಬ ಜರ್ಮನ್ ತಂತ್ರಜ್ಞರು ವರ್ಷಗಟ್ಟಲೆ ಬೆಳೆಸಿದ, ಸಿಡಿರೆಕಾರ್ಡ್ ಒಳಗೊಂಡ ಸಿಡಿಆರ್‌ಟೂಲ್ಸ್‌ನ ಪರವಾನಗಿ 2006ರಲ್ಲಿ ಬದಲಾದಾಗ ಡೆಬಿಯನ್ ಎಂಬ ಲಿನಕ್ಸ್ ಬಳಗ ಅದನ್ನು ಒಪ್ಪದೆ ಹಳೆಯ ಆವೃತ್ತಿಯಿಂದ ತನ್ನದೇ ಕವಲು ಒಡೆಸಿಕೊಂಡಿತು. ಡೆಬಿಯನ್‌ನಿಂದ ಉಬುಂಟು, ಉಬುಂಟುವಿನಿಂದ ಮಿಂಟ್. ಹೀಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಇರುವುದೂ ಆ ಕವಲೇ. ಅದರ ಕೊನೆಯ ಆವೃತ್ತಿ 2010ರದ್ದು. ಸಾಮಾನ್ಯ ಆಡಿಯೊ ಸಿಡಿಗೆ ಅದು ಈಗಲೂ ಸಾಕು.

ಇಷ್ಟನ್ನೆಲ್ಲ ಹೇಳಲು ಕಾರಣವಿದೆ. ಕೆ3ಬಿಯಲ್ಲಿ ಬರೆಯುವುದು ಪದೇ ಪದೇ ಸೋತರೆ ಎಕ್ಸ್‌ಎಫ್‌ಬರ್ನ್ ಎಂಬ ಪುಟ್ಟ ತಂತ್ರಾಂಶವನ್ನೂ ಹಾಕಿ ನೋಡಿ. ಅದು ವೋಡಿಮ್‌ನ ಗೊಡವೆಗೇ ಹೋಗದೆ ಲಿಬ್‌ಬರ್ನ್ ಎಂಬ ಬೇರೆ ದಾರಿಯಲ್ಲಿ ಡ್ರೈವನ್ನು ತಲುಪುತ್ತದೆ. ಅದರಲ್ಲೂ ಆಡಿಯೊ ಸಿಡಿ ಮಾಡಬಹುದು. ಒಂದು ದಾರಿ ಕಟ್ಟಿ ಇನ್ನೊಂದು ತೆರೆದಿದ್ದರೆ ತೊಂದರೆ ತಂತ್ರಾಂಶದ್ದು. ಎರಡೂ ಕಟ್ಟಿದ್ದರೆ ಡ್ರೈವು, ಕೇಬಲ್ಲು ಅಥವಾ ಖಾಲಿ ಸಿಡಿಯದ್ದು. ಬ್ರಸೇರೋ ಎಂಬ ಹೆಸರನ್ನೂ ನೀವು ಕೇಳಬಹುದು. ಸರಳವಾಗಿದೆ, ಒಳ್ಳೆಯದೇ, ಆದರೆ ಏನಾದರೂ ತಪ್ಪಿದಾಗ ಎಲ್ಲಿ ತಪ್ಪಿತೆಂದು ಕೆ3ಬಿಯಷ್ಟು ಬಿಡಿಸಿ ಹೇಳುವುದಿಲ್ಲ.

ಕೆ3ಬಿ ಮೊದಲ ಸಲ ತೆರೆದಾಗ ಹಿನ್ನೆಲೆಯ ಯಾವುದಾದರೂ ತಂತ್ರಾಂಶ ಸಿಗದಿದ್ದರೆ ತಾನೇ ಒಂದು ಪಟ್ಟಿ ಮುಂದಿಡುತ್ತದೆ. ಅದನ್ನು ಮುಚ್ಚಿಬಿಡದೆ ಓದಿ, ಇಲ್ಲವೆಂದು ಹೇಳಿದ್ದನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದ ಹಾಕಿಕೊಳ್ಳಿ. ಡ್ರೈವೇ ಕಾಣುತ್ತಿಲ್ಲವಾದರೆ ಕೇಬಲ್ ಸರಿಯಿದೆಯೆಂದು ನೋಡಿದ ಮೇಲೆ ಅನುಮತಿಯತ್ತ ಗಮನ ಕೊಡಿ. ಮಗ ಮೊದಲು ತನ್ನ ಹೆಸರಿನ ಖಾತೆ ತೆರೆದು, ಆಮೇಲೆ ನಿಮಗೆ ಬೇರೆ ಖಾತೆ ಮಾಡಿಕೊಟ್ಟಿರಬಹುದು. ಹಾಗಿದ್ದರೆ ಮೊದಲ ಖಾತೆಗೆ ತಾನಾಗಿ ಸಿಗುವ ಸಿಡಿರಾಮ್ ಗುಂಪಿನ ಸದಸ್ಯತ್ವ ನಿಮ್ಮದಕ್ಕೆ ಸಿಕ್ಕಿರಲಿಕ್ಕಿಲ್ಲ. ಯೂಸರ್ಸ್ ಅಂಡ್ ಗ್ರೂಪ್ಸ್ ಎಂಬಲ್ಲಿ ನಿಮ್ಮ ಹೆಸರನ್ನು ಆರಿಸಿ ಸಿಡಿರಾಮ್ ಗುಂಪಿಗೆ ಟಿಕ್ ಹಾಕಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಇದಕ್ಕೂ ತಂತ್ರಾಂಶ ಹಾಕುವುದಕ್ಕೂ ಮಗನ ಪಾಸ್‌ವರ್ಡ್ ಬೇಕಾದೀತು, ಮೊದಲೇ ಕೇಳಿಟ್ಟುಕೊಳ್ಳಿ. ಇಡೀ ಕೆ3ಬಿಯನ್ನೇ ನಿರ್ವಾಹಕರ ಅಧಿಕಾರದಲ್ಲಿ ನಡೆಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಈಗ ನಿಜವಾಗಿ ಸಮಯ ಕೊಡಬೇಕಾದ ಕೆಲಸಕ್ಕೆ ಬರುತ್ತೇನೆ. ಕ್ಯಾಸೆಟ್‌ನ ಒಂದು ಬದಿ ಈಗ ನಿಮ್ಮಲ್ಲಿ ಒಂದೇ ಉದ್ದನೆಯ ಫೈಲಾಗಿರಬಹುದು. ಹಾಗೆಯೇ ಬರೆದರೆ ಅರ್ಧಗಂಟೆಯ ಒಂದೇ ಟ್ರ್ಯಾಕ್ ಆಗುತ್ತದೆ. ಇಪ್ಪತ್ತನೆಯ ನಿಮಿಷದ ಮಾತೊಂದನ್ನು ಮತ್ತೆ ಕೇಳಬೇಕೆನಿಸಿದ ಹಿರಿಯರು ಗುಂಡಿ ಒತ್ತಿ ಹಿಡಿದುಕೊಂಡೇ ಕೂರಬೇಕು. ಆದ್ದರಿಂದ ತುಂಡು ಮಾಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶವೂ ಅದೇ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿದೆ. ಫೈಲನ್ನು ತೆರೆದು ಅಲೆಯ ಚಿತ್ರವನ್ನು ಗಮನಿಸಿ. ಅರ್ಥ ನಡೆಯುವಾಗ ಅಲೆ ಗುಡ್ಡೆ ಗುಡ್ಡೆಯಾಗಿ, ನಡುವೆ ಉಸಿರಿನಷ್ಟು ಬಿಡುವು ಕೊಟ್ಟು ಸಾಗುತ್ತದೆ. ಭಾಗವತರು ಪದ್ಯ ಎತ್ತಿಕೊಂಡ ಕೂಡಲೇ ಮದ್ದಳೆಯ ಪೆಟ್ಟುಗಳು ಬೇಲಿಯ ಗೂಟಗಳಂತೆ ಸಾಲಾಗಿ ನಿಲ್ಲುತ್ತವೆ. ಆ ಗೂಟಗಳು ಶುರುವಾಗುವ ಜಾಗವೇ ತುಂಡರಿಸಬೇಕಾದ ಜಾಗ. ಪದ್ಯ, ಅದರ ಬೆನ್ನಿಗೆ ಬರುವ ಅರ್ಥ, ಇವೆರಡೂ ಸೇರಿ ಒಂದು ಟ್ರ್ಯಾಕ್ ಆಗಲಿ. ಅಲ್ಲಿ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿದರೆ ಒಂದು ಚೀಟಿ ಅಂಟಿಕೊಳ್ಳುತ್ತದೆ. ಅದರಲ್ಲಿ ಪದ್ಯದ ಮೊದಲ ಎರಡು ಪದ ಬರೆಯಿರಿ. ಕೊನೆಯವರೆಗೆ ಹೀಗೆ ಗುರುತು ಹಾಕಿ, ಚೀಟಿಗಳ ಪ್ರಕಾರ ಬೇರೆ ಬೇರೆ ಫೈಲುಗಳಾಗಿ ಉಳಿಸುವ ಆಯ್ಕೆಯನ್ನು ಎಕ್ಸ್‌ಪೋರ್ಟ್ ಮೆನುವಿನಲ್ಲಿ ಬಳಸಿ, ವೇವ್ ರೂಪದಲ್ಲಿ ಉಳಿಸಿ. ಮತ್ತೆ ಎಂಪಿ3 ಮಾಡಬೇಡಿ, ಪ್ರತಿ ಸಲ ಧ್ವನಿಯಿಂದ ಒಂದಿಷ್ಟು ಸೋರಿಹೋಗುತ್ತದೆ. ಕ್ಯಾಸೆಟ್‌ನಿಂದ ನೇರವಾಗಿ ತೆಗೆದ ಮೂಲ ವೇವ್ ಫೈಲುಗಳು ಅಂಗಡಿಯವರ ಬಳಿ ಉಳಿದಿದ್ದರೆ ಅವನ್ನೇ ಕೇಳಿ ತನ್ನಿ, ಇಂದೇ.

90 ನಿಮಿಷದ ಕ್ಯಾಸೆಟ್ಟನ್ನು ಎರಡು ಸಿಡಿಗೆ ಹಂಚುವಾಗಲೂ ಇದೇ ನಿಯಮ. ಎಂಬತ್ತನೆಯ ನಿಮಿಷಕ್ಕೆ ಕತ್ತರಿ ಹಾಕಿದರೆ ಕರ್ಣನೋ ಭೀಷ್ಮನೋ ವಾಕ್ಯದ ನಡುವೆ ಮೌನವಾಗುತ್ತಾನೆ. ಸಂವಾದವೊಂದು ಮುಗಿದು ಹೊಸ ಪದ್ಯ ಆರಂಭವಾಗುವಲ್ಲಿ ಬಿಡಿಸಿ. ಮೊದಲ ಸಿಡಿಯಲ್ಲಿ 50 ನಿಮಿಷವಿದ್ದು ಎರಡನೆಯದರಲ್ಲಿ 40 ಇದ್ದರೂ ನಷ್ಟವಿಲ್ಲ. ಆರಂಭದ ಮೈಕ್ ಪರೀಕ್ಷೆ, ಕ್ಯಾಸೆಟ್ ತಿರುಗಿಸಿದ ಸದ್ದು ತೆಗೆಯಬಹುದು. ಸಭೆಯ ಚಪ್ಪಾಳೆ, ‘ಭಲೇ’ ಎಂಬ ಉದ್ಗಾರ ಮಾತ್ರ ಹಾಗೆಯೇ ಇರಲಿ.

ಇನ್ನು ಬರೆಯುವುದು. ಕೆ3ಬಿಯಲ್ಲಿ ಹೊಸ ಆಡಿಯೊ ಸಿಡಿ ಪ್ರಾಜೆಕ್ಟ್ ತೆರೆದು ಟ್ರ್ಯಾಕ್‌ಗಳನ್ನು ಕ್ರಮವಾಗಿ ಎಳೆದು ಬಿಡಿ. ಕೆಳಗಿನ ಪಟ್ಟಿ ಎಷ್ಟು ನಿಮಿಷ ತುಂಬಿತೆಂದು ತೋರಿಸುತ್ತದೆ, ಕೆಂಪಾಗಲು ಬಿಡಬೇಡಿ. ಟ್ರ್ಯಾಕ್‌ಗಳ ನಡುವೆ ಎರಡು ಸೆಕೆಂಡ್ ಮೌನ ತಾನಾಗಿ ಸೇರಿಕೊಳ್ಳುತ್ತದೆ. ಸಿನಿಮಾ ಹಾಡುಗಳಿಗೆ ಅದು ಚೆನ್ನ, ಎಡೆಬಿಡದೆ ನಡೆಯುವ ತಾಳಮದ್ದಳೆಗೆ ಸಲ್ಲದು. ಎಲ್ಲ ಟ್ರ್ಯಾಕ್‌ಗಳನ್ನೂ ಆರಿಸಿ, ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಅಂತರದ ಜಾಗಕ್ಕೆ ಸೊನ್ನೆ ಕೊಡಿ. ಬರೆಯುವ ಕ್ರಮ ಡಿಎಒ ಇರಲಿ, ಅಂದರೆ ಇಡೀ ಸಿಡಿಯನ್ನು ಒಂದೇ ಉಸಿರಿಗೆ ಬರೆಯುವುದು. ಸಿಡಿಯ ಮೇಲೆ 52 ಎಕ್ಸ್ ಎಂದಿದ್ದರೂ ನೀವು 16 ಎಕ್ಸ್ ಆರಿಸಿ. ಆ ವೇಗದಲ್ಲಿ 80 ನಿಮಿಷದ ಸಿಡಿಗೆ ಐದು ನಿಮಿಷ, ಶುರು ಮತ್ತು ಮುಕ್ತಾಯ ಸೇರಿ ಆರೇಳು ನಿಮಿಷ ಹಿಡಿಯುತ್ತದೆ. ಒಂದು, ಎರಡು ಎಕ್ಸ್‌ಗೆ ಇಳಿಸಿದರೆ ಇನ್ನೂ ಚೆನ್ನಾಗುತ್ತದೆ ಎಂಬ ನಂಬಿಕೆ ಹಳೆಯದು. ಇಂದಿನ ಸಿಡಿಗಳ ಬಣ್ಣದ ಪದರ ಅಷ್ಟು ನಿಧಾನಕ್ಕೆ ಹದಗೊಳಿಸಿದ್ದಲ್ಲ. ಆನ್ ದಿ ಫ್ಲೈ ಎಂಬಲ್ಲಿ ಟಿಕ್ ಇದ್ದರೆ ತೆಗೆದುಬಿಡಿ. ಆಗ ಹಾರ್ಡ್‌ಡಿಸ್ಕಿನಲ್ಲಿ ಸುಮಾರು 850 ಎಂಬಿ ತಾತ್ಕಾಲಿಕ ಜಾಗ ಬೇಕಾಗುತ್ತದೆ, ಆದರೆ ಹಳೆಯ ಕಂಪ್ಯೂಟರಿಗೆ ಬಿಚ್ಚುವ ಕೆಲಸವನ್ನೂ ಬರೆಯುವ ಕೆಲಸವನ್ನೂ ಒಟ್ಟಿಗೆ ಮಾಡುವ ಹೊರೆ ತಪ್ಪುತ್ತದೆ. ಎಷ್ಟು ಪ್ರತಿ ಎಂದು ಅಲ್ಲಿಯೇ ತುಂಬಿದರೆ ಒಂದು ಮುಗಿದ ಮೇಲೆ ಮುಂದಿನ ಖಾಲಿ ಸಿಡಿಯನ್ನು ತಾನೇ ಕೇಳುತ್ತದೆ.

ಯುಎಸ್‌ಬಿ ರೈಟರ್ ಕೊಂಡರೆ ಒಂದು ಎಚ್ಚರಿಕೆ. ಕಳೆದ ಮಳೆಗಾಲದಲ್ಲಿ ಭಾಂಡುಪ್‌ನ ಒಂದು ಮನೆಗೆ ನನ್ನನ್ನು ಕರೆದಿದ್ದರು. ಸಿಡಿ ತಿರುಗುತ್ತದೆ, ಗುರುತಾಗುತ್ತದೆ, ಬರೆಯಲು ಶುರುಮಾಡಿದರೆ ಶೇಕಡಾ ಎರಡಕ್ಕೆ ನಿಲ್ಲುತ್ತದೆ. ಐದು ಸಿಡಿ ಹಾಳಾಗಿದ್ದವು, ಮೂರು ತಂತ್ರಾಂಶ ಬದಲಿಸಿ ನೋಡಿದ್ದರು. ನಾನು ಕಿವಿಗೊಟ್ಟು ಕೇಳಿದೆ: ಬರೆಯುವ ಗಳಿಗೆ ಬಂದಾಗ ಡ್ರೈವಿನ ಗುಂಯ್‌ಗುಡುವ ಸದ್ದು ಸಟ್ಟನೆ ಕುಗ್ಗಿ, ದೀಪ ಮಂಕಾಗಿ, ಮತ್ತೆ ಮೊದಲಿನಿಂದ ತಿರುಗಲು ತೊಡಗುತ್ತಿತ್ತು. ಓದುವುದಕ್ಕಿಂತ ಬರೆಯುವಾಗ ಲೇಸರಿಗೆ ಹೆಚ್ಚು ವಿದ್ಯುತ್ ಬೇಕು. ಯುಎಸ್‌ಬಿ 2 ಕಿಂಡಿಯ ನಿಯಮದ ಮಿತಿ 500 ಮಿಲಿ ಆಂಪಿಯರ್, ಯುಎಸ್‌ಬಿ 3ರದ್ದು 900. ಅವರು ಡ್ರೈವನ್ನು ಸಿಕ್ಕಿಸಿದ್ದು ಕ್ಯಾಬಿನೆಟ್ಟಿನ ಮುಂದಿನ ಕಿಂಡಿಗೆ, ಅದೂ ಉದ್ದನೆಯ ಹೆಚ್ಚುವರಿ ಕೇಬಲ್ ಕೊಟ್ಟು. ಕೇಬಲ್ ತೆಗೆದು ಹಿಂಬದಿಯ ನೀಲಿ ಬಣ್ಣದ ಕಿಂಡಿಗೆ ಹಾಕಿದೆ. ಆರನೆಯ ಸಿಡಿ ಮೊದಲ ಯತ್ನಕ್ಕೇ ಪೂರ್ತಿಯಾಯಿತು. ನೀವೂ ಹಿಂಬದಿಗೇ ಹಾಕಿ, ಹಬ್ ಬಳಸಬೇಡಿ.

ಎಂಪಿ3ಗಳ ಡೇಟಾ ಡಿಸ್ಕ್ ಮಾಡುವಾಗ ಫೈಲಿಗೆ ಕನ್ನಡದ ಹೆಸರು ಕೊಡಲು ನಿಮ್ಮ ಮನಸ್ಸು ಎಳೆಯುತ್ತದೆ, ನನಗೂ ಅದು ಇಷ್ಟ. ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವ ಡಿಸ್ಕಿಗೆ ಧಾರಾಳವಾಗಿ ಕೊಡಿ. ಆದರೆ ವಿಂಡೋಸ್ ಓದುವ ಜೋಲಿಯೆಟ್ ಪದ್ಧತಿಯಲ್ಲಿ ಹೆಸರಿಗೆ 64 ಚಿಹ್ನೆಗಳ ಮಿತಿಯಿದೆ, ಮತ್ತು ಅದು ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ. ‘ಲಕ್ಷ್ಮಿ’ ನಮಗೆ ಎರಡಕ್ಷರ. ಅದರ ಲೆಕ್ಕದಲ್ಲಿ ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು ಸೇರಿ ಏಳು. ಉದ್ದದ ಹೆಸರುಗಳ ಬಾಲ ತುಂಡಾಗುವುದು ಹೀಗೆ. ಪ್ಲೇಯರಿನಲ್ಲಿ ಹಾಕುವ ಡಿಸ್ಕಿಗೆ ಇಂಗ್ಲಿಷ್ ಅಕ್ಷರಗಳೇ ಸರಿ, ಏಕೆಂದರೆ ಅದರ ಪುಟ್ಟ ಪರದೆಗೆ ಕನ್ನಡ ಲಿಪಿ ಗೊತ್ತಿರುವುದಿಲ್ಲ. ಹೆಸರಿನ ಮುಂದೆ 01, 02 ಎಂದು ಸಂಖ್ಯೆ ಹಾಕಿ, ಇಲ್ಲವಾದರೆ ಪ್ರಸಂಗ ಹಿಂದು ಮುಂದಾಗುತ್ತದೆ. ಬರೆದಾದ ಮೇಲೆ ತಾಳೆ ನೋಡುವ ವೆರಿಫೈ ಆಯ್ಕೆಗೆ ಟಿಕ್ ಹಾಕಿ. ಮುಂದೆ ಇನ್ನಷ್ಟು ಸೇರಿಸಲು ಜಾಗ ಬಿಡುವ ಮಲ್ಟಿಸೆಷನ್ ಬೇಡ, ಹಳೆಯ ಪ್ಲೇಯರುಗಳು ಅದಕ್ಕೆ ಮುನಿಯುತ್ತವೆ.

ಮದುವೆಯ ವಿಡಿಯೊ ಡಿವಿಡಿ ಮಾಡಬಹುದು, ಆದರೆ ಅಲ್ಲಿಯೂ ಹುಡುಗನ ಸಿಡಿಯ ಕಥೆಯೇ ಮರುಕಳಿಸುತ್ತದೆ. ಎಂಪಿ4 ಫೈಲನ್ನು ಹಾಗೆಯೇ ಬರೆದರೆ ಹಳೆಯ ಡಿವಿಡಿ ಪ್ಲೇಯರ್ ಅದನ್ನು ತೋರಿಸುವುದಿಲ್ಲ. ಡಿವಿಡಿ ಸ್ಟೈಲರ್ ಎಂಬ ತಂತ್ರಾಂಶದಲ್ಲಿ ವಿಡಿಯೊ ಸೇರಿಸಿ, ನಮ್ಮ ದೇಶದ ಪಾಲ್ ಪದ್ಧತಿ ಆರಿಸಿ, ಐಎಸ್ಒ ಫೈಲಾಗಿ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾಗಿ, ಉಳಿಸಿ. ಆ ಐಎಸ್ಒವನ್ನು ಕೆ3ಬಿಯಲ್ಲಿ ‘ಬರ್ನ್ ಇಮೇಜ್’ ಎಂಬುದರ ಮೂಲಕವೇ ಬರೆಯಬೇಕು. ಡೇಟಾ ಪ್ರಾಜೆಕ್ಟಿಗೆ ಎಳೆದು ಬಿಟ್ಟರೆ ಡಿಸ್ಕಿನಲ್ಲಿ ಒಂದೇ ಒಂದು ಫೈಲು ಕೂತು ಪ್ಲೇಯರಿಗೆ ಏನೂ ಸಿಗದು. 4.7 ಜಿಬಿಯ ಡಿವಿಡಿಗೆ ಎರಡು ಗಂಟೆಯ ವಿಡಿಯೊ ಒಳ್ಳೆಯ ಮಿತಿ.

ಬರೆದ ಸಿಡಿಯ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ನಮ್ಮ ಕಡಲತೀರದ ತೇವಕ್ಕೆ ಅದು ಉಬ್ಬಿ ತಿರುಗುವಾಗ ಅದುರುತ್ತದೆ, ಕಿತ್ತರೆ ಪದರವೂ ಜೊತೆಗೆ ಬರುತ್ತದೆ. ಸಿಡಿಗೆಂದೇ ಸಿಗುವ ಮೆದುತುದಿಯ ಪೆನ್ನಿನಿಂದ ಪ್ರಸಂಗದ ಹೆಸರು ಬರೆಯಿರಿ. ಇಲ್ಲಿ ಕನ್ನಡದಲ್ಲೇ ಬರೆಯಿರಿ. ಕವಚದಲ್ಲಿ ನಿಲ್ಲಿಸಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಬರೆದ ಸಿಡಿಯ ಬಣ್ಣದ ಪದರ ಕಾಲಕ್ಕೆ ಮಾಸುವಂಥದ್ದು, ಆದ್ದರಿಂದ ವೇವ್ ಫೈಲುಗಳ ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಮಗನ ಬಳಿ ಇರಲಿ. ಮೂಲ ಕ್ಯಾಸೆಟ್‌ಗಳನ್ನು ಎಸೆಯಲೇಬೇಡಿ.

ಮೊದಲ ಆಡಿಯೊ ಸಿಡಿ ಬರೆದು ಮುಗಿದ ಕೂಡಲೇ ಎರಡನೆಯದಕ್ಕೆ ಕೈ ಹಾಕಬೇಡಿ. ಅದನ್ನು ನಿಮ್ಮ ಹಳೆಯ ಪ್ಲೇಯರಿಗೆ ಹಾಕಿ, ಮೊದಲ ಪದ್ಯದಿಂದ ಕೊನೆಯವರೆಗೆ ಒಮ್ಮೆ ಕೂತು ಕೇಳಿ. ಟ್ರ್ಯಾಕ್ ಬದಲಾಗುವ ಜಾಗಗಳಲ್ಲಿ ಮದ್ದಳೆ ತಡವರಿಸದೆ, ಯಜಮಾನರ ಮಾತು ಎಲ್ಲಿಯೂ ಕಡಿಯದೆ ಬಂದರೆ ಪ್ರತಿಗಳ ಜಾಗದಲ್ಲಿ 12 ಎಂದು ತುಂಬಿ.